ನಾಲ್ಕು ಮಡಿಕೆಯ ತೀರ್ಪು

ದೊಡ್ಡಕ್ಕನ ಎಡಗೈ ಬಲಗೈಗಿಂತ ನಾಲ್ಕು ಬೆರಳು ಉದ್ದ ಎಂದು ಲಾಂಡ್ರಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಒದ್ದೆ ಬಟ್ಟೆಯ ಗಂಟನ್ನು ಒಂದೇ ಕೈಯಲ್ಲಿ ಎಳೆದರೆ ಕೈ ಉದ್ದವಾಗದೆ ಮೂಗು ಉದ್ದವಾದೀತೇ ಎಂದು ಅವಳೂ ಆ ತಮಾಷೆಗೆ ತನ್ನ ಪಾಲು ಸೇರಿಸುತ್ತಿದ್ದಳು. ಆಸ್ಪತ್ರೆಗಳಿಂದಲೂ ಹೋಟೆಲುಗಳಿಂದಲೂ ದಿನಕ್ಕೆ ಎರಡು ಸಾವಿರ ಬೆಡ್‌ಶೀಟು ಬಂದು ಬೀಳುವ ಲಾಂಡ್ರಿ ಅದು. ಹದಿನೆಂಟಕ್ಕೆ ಅಲ್ಲಿಗೆ ಸೇರಿದವಳ ಮದುವೆ, ಹೆರಿಗೆ, ಗಂಡನ ಸಾವು, ಮಗಳ ಮದುವೆ ಎಲ್ಲವೂ ಎರಡು ಪಾಳಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ನಡೆದುಹೋಗಿದ್ದವು.

ಒಗೆದ ಶೀಟು ಬಿಸಿ ರೋಲರಿನೊಳಗೆ ಒಂದು ಕಡೆ ಹೋಗಿ, ಇನ್ನೊಂದು ಕಡೆ ಹಪ್ಪಳದಂತೆ ಗರಿಗರಿಯಾಗಿ ಹೊರಬರುತ್ತಿತ್ತು. ಅದನ್ನು ಮಡಿಸಲು ಇಬ್ಬರು ಬೇಕು. ಆಕೆ ಎರಡು ಮೂಲೆ, ಈಕೆ ಎರಡು ಮೂಲೆ. ಎದುರುಬದುರು ನಿಂತು ಉದ್ದಕ್ಕೆ ಎರಡು ಮಡಿಕೆ, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ಅಡ್ಡಕ್ಕೆ ಎರಡು ಮಡಿಕೆ. ದಿನಕ್ಕೆ ಐನೂರು ಸಲ ಒಬ್ಬಳ ಮುಖ ನೋಡುತ್ತ ನಡೆದು ಬರುವಾಗ ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ? ಹೆಂಗಸರು ಮಡಿಕೆಗೊಂದು ಸಾಲು ಕಟ್ಟುತ್ತಿದ್ದರು. ನಾಲ್ಕು ಮಡಿಕೆಗೆ ನಾಲ್ಕು ಸಾಲು, ಪ್ರಾಸ ಕೂಡಬೇಕು, ಎದುರಿನವಳಿಗೆ ಚುಚ್ಚಬೇಕು. ಮುಂದಿನ ಶೀಟಿನ ಮೇಲೆ ಅವಳು ಉತ್ತರ ಕೊಡಬೇಕು. ಉತ್ತರ ಬಾರದವಳು ಹೋಗಿ ಒದ್ದೆ ಬಟ್ಟೆಯ ಮುಂದಿನ ಗಂಟು ಹೊತ್ತು ತರಬೇಕು. ಗಂಟೆಂದರೆ ಮೂವತ್ತು ಕಿಲೋ. ಹಾಗಾಗಿ ಕವಿತ್ವ ಅಲ್ಲಿ ಸೊಂಟ ಉಳಿಸಿಕೊಳ್ಳುವ ಉಪಾಯವಾಗಿತ್ತು.

ಮಡಿಸಿದ ಶೀಟು ಪೇರಿಸುವ ಆ ಮೇಜಿಗೆ ಒಂದೇ ಕಟ್ಟಳೆ. ಒಬ್ಬಳು ಕಟ್ಟಿದ ಸಾಲನ್ನು ಇನ್ನೊಬ್ಬಳು ತನ್ನದೆಂದು ಹೇಳುವಂತಿಲ್ಲ. ಹೇಳಲೇಬೇಕಾಗಿ ಬಂದರೆ 'ಇದು ಇಂಥವಳದು' ಎಂದು ಮೊದಲು ಹೇಳಿ, ಆಮೇಲೆ ಬಾಯಿ ತೆರೆಯಬೇಕು. ಯಾರು ಮಾಡಿದ ಕಟ್ಟಳೆಯೋ ಯಾರಿಗೂ ಗೊತ್ತಿರಲಿಲ್ಲ. ಅದರ ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಬೇಯಿಸಿದ್ದು ಮಧ್ಯಾಹ್ನಕ್ಕೆ ಖಾಲಿ, ಒರೆಸಿದ ನೆಲ ಸಂಜೆಗೆ ಕೊಳೆ, ಒಗೆದ ಶೀಟು ಮಾರನೇ ದಿನ ಮತ್ತೆ ರಕ್ತ ಹತ್ತಿಸಿಕೊಂಡು ವಾಪಸ್ಸು. ಕೈಯಿಂದ ಮಾಡಿದ್ದರಲ್ಲಿ ಒಂದೂ ನಿಲ್ಲದ ಮೇಲೆ ಬಾಯಿಂದ ಮಾಡಿದ್ದಾದರೂ ಮಾಡಿದವಳ ಹೆಸರಲ್ಲಿ ನಿಲ್ಲಲಿ ಎಂದು.

ದೊಡ್ಡಕ್ಕನಿಗೆ ಆ ಕಟ್ಟಳೆ ಪ್ರಾಣ. ಅದಕ್ಕೊಂದು ಹಳೆಯ ಗಾಯ ಕಾರಣ. ಮದುವೆಯಾದ ಹೊಸದರಲ್ಲಿ ಅವಳು ಮೇಜಿನ ಮೇಲೆ ಹೀಗೊಂದು ಕಟ್ಟಿದ್ದಳು:

ಗಂಡನ ಅಂಗಿಗೆ ಗುಂಡಿ ಹೊಲಿದು
ಬೆರಳಿನ ತುಂಬ ತೂತು,
ಅವನ ಬಾಯಿಗೊಂದು ಗುಂಡಿ ಹೊಲಿಯೋಕೆ
ಸಿಕ್ಕಲೇ ಇಲ್ಲ ಹೊತ್ತು.

ಮನೆಗೆ ಬಂದು ನಗುನಗುತ್ತ ಗಂಡನಿಗೂ ಹೇಳಿದಳು. ಅವನೂ ನಕ್ಕ. ದರ್ಜಿ, ರಸಿಕ. ಮರುವಾರ ಅವನ ಗೆಳೆಯರು ಮನೆಗೆ ಬಂದಿದ್ದಾಗ ಇವಳು ಚಹಾ ಹಿಡಿದು ಹೊರಗೆ ಬಂದರೆ, ಅವನು ಅದೇ ಸಾಲುಗಳನ್ನು, "ಮೊನ್ನೆ ನಾನೊಂದು ಕಟ್ಟಿದೆ ಕಣ್ರೋ" ಎಂದು ಒಪ್ಪಿಸುತ್ತಿದ್ದ. ಗೆಳೆಯರು ತೊಡೆ ತಟ್ಟಿಕೊಂಡು ನಕ್ಕರು. "ಅದು ನಂದು" ಎಂದಳು ಇವಳು. "ನೀನೇ ನನ್ನವಳಾದ ಮೇಲೆ ನಿನ್ನ ಸಾಲು ಇನ್ಯಾರದು?" ಎಂದ ಅವನು. ಗೆಳೆಯರು ಇನ್ನೂ ಜೋರಾಗಿ ನಕ್ಕರು. ಅವನು ಕೆಟ್ಟವನಲ್ಲ. ಹೊಡೆದವನಲ್ಲ. ಆದರೆ ಅಂದಿನಿಂದ ದೊಡ್ಡಕ್ಕ ಮನೆಯಲ್ಲಿ ಒಂದು ಸಾಲನ್ನೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಸಾಯುವ ಹೊತ್ತಿಗೆ ಅವಳ ಹೊಟ್ಟೆಯೊಳಗೆ ಯಾರಿಗೂ ಹೇಳದ ಸಾಲುಗಳು ಎಷ್ಟೋ ಇದ್ದವು.

ಮೇಜಿನ ಆಚೆ ಬದಿಯಲ್ಲಿ ಮೂರು ವರ್ಷದಿಂದ ಅವಳ ಎದುರು ನಿಲ್ಲುತ್ತಿದ್ದವಳಿಗೆ ಲಾಂಡ್ರಿಯಲ್ಲಿ 'ತೂಕಡಿಕೆ' ಎಂದು ಹೆಸರು. ನಿಂತಲ್ಲೇ ನಿದ್ದೆ ಹೋಗುತ್ತಿದ್ದಳು, ಪಾಪ. ಅವಳ ಅತ್ತೆಗೆ ಲಕ್ವ ಹೊಡೆದು ಮಾತೂ ಬಲಭಾಗವೂ ಹೋಗಿ, ಕೂಗೊಂದೇ ಉಳಿದು ಮೂರು ವರ್ಷವಾಗಿತ್ತು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲು ಪಕ್ಕದ ಮನೆಯಾಕೆ ಬಂದು ಹೋಗುತ್ತಿದ್ದಳು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಇವಳೇ ಏಳಬೇಕು. ಏಳಕ್ಕೆ ಲಾಂಡ್ರಿಯಲ್ಲಿ ಹಾಜರಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ನಿದ್ದೆ ಕೆಟ್ಟರೆ ಕೈ ನಡುಗುತ್ತದಂತೆ, ಬ್ರೇಕ್ ಕೆಲಸದಲ್ಲಿ ಕೈ ನಡುಗಬಾರದಂತೆ. ಬಿಸಿ ರೋಲರಿನ ಬಾಯಿಗೆ ಬಟ್ಟೆ ಕೊಡುವವಳ ಕೈ ನಡುಗಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಲಾಂಡ್ರಿಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಗೇಟಿನ ಬಳಿ ಕೂತು ಬಂದುಹೋಗುವವರ ಚೀಟಿ ನೋಡುತ್ತಿದ್ದವಳಿಗೆ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು.

ಈಚೆಗೆ ನಾಲ್ಕಾರು ತಿಂಗಳಿಂದ ತೂಕಡಿಕೆಯ ಮುಖದಲ್ಲಿ ಸ್ವಲ್ಪ ರಕ್ತ ಕಾಣಿಸತೊಡಗಿತ್ತು.

"ಏನೇ, ಅತ್ತೆ ಎದ್ದು ಓಡಾಡ್ತಿದಾರಾ?" ಎಂದು ದೊಡ್ಡಕ್ಕ ಕೇಳಿದ್ದಳು.

"ಇಲ್ಲ ದೊಡ್ಡಕ್ಕ. ಎರಡು ಗಂಟೆ ಸರದಿಗೆ ಒಂದೊಂದು ದಿನ ಅವರೇ ಏಳ್ತಾರೆ."

"ಯಾರು, ನಿನ್ನ ಗಂಡಾನಾ? ಸೂರ್ಯ ಯಾವ ಕಡೆ ಹುಟ್ಟಿದ ಹೋಗಿ ನೋಡ್ಬೇಕು ತಡಿ."

ತೂಕಡಿಕೆ ನಕ್ಕು ಮುಂದಿನ ಶೀಟಿನ ಮೂಲೆ ಹಿಡಿದಿದ್ದಳು. ನಿದ್ದೆ ಸಿಕ್ಕಷ್ಟೂ ಅವಳ ಸಾಲುಗಳು ಹರಿತವಾದವು. ಒಂದು ಗುರುವಾರ, ಅತ್ತೆಯನ್ನು ನೆನೆದೋ ತನ್ನನ್ನೇ ನೆನೆದೋ, ಮಡಿಕೆಗೊಂದರಂತೆ ಹೀಗೆ ಹೇಳಿದಳು:

ಮಲಗಿದವಳ ಮಗ್ಗುಲು ಬದಲಿಸಿ ಎದ್ದೆ,
ನನ್ನ ಮಗ್ಗುಲಲ್ಲಿ ಕಾದು ಕೂತಿತ್ತು ನಿದ್ದೆ,
ಬಾ ಅಂದೆ, ಬಂತು, ಹೊಸ್ತಿಲ ತನಕ ಬಂತು,
ಒಳಗಿಂದ ಕೂಗಿದರು, ಅಲ್ಲೇ ಹೋಯ್ತು ನಿಂತು.

ಮುಂದಿನ ಶೀಟು ರೋಲರಿನಿಂದ ಹೊರಬಂದು ನೆಲ ಮುಟ್ಟಿತು. ದೊಡ್ಡಕ್ಕನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಹೋಗಿ ಒದ್ದೆ ಗಂಟು ಎತ್ತಿದಳು. ಮೂರು ದಿನ ಸೊಂಟ ಹಿಡಿದುಕೊಂಡಿತ್ತು.

ಡಿಪೋದ ಹಳೆಯ ರಿಪೇರಿ ಶೆಡ್ಡಿನಲ್ಲಿ ತಿಂಗಳಿಗೊಂದು ಭಾನುವಾರ, ತಾಳಕ್ಕೆ ಸಾಲು ಕಟ್ಟಿ ಎದುರಾಳಿಯನ್ನು ಕೆಣಕುವ ರ‍್ಯಾಪ್ ಜಿದ್ದು ನಡೆಯುತ್ತಿತ್ತು. ಅದನ್ನು ನಡೆಸುವ, ಮೈಕನ್ನು ಕೈಯಿಂದ ಇಳಿಸದ ತರುಣನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಅವನ ಅತ್ತೆ ಲಾಂಡ್ರಿಯ ತೊಳೆಯುವ ಮಿಷನ್ನಿನಲ್ಲಿದ್ದಳು. ಆ ವರ್ಷದ ಕೊನೆಯ ಜಿದ್ದಿಗೆ ಮೂರನೇ ತೀರ್ಪುಗಾರನಿಗೆ ಜ್ವರ ಬಂದಾಗ ಮೈಕಣ್ಣ ನೇರ ಲಾಂಡ್ರಿಯ ಗೇಟಿಗೆ ಬಂದ.

"ನಿಮ್ಮೆದುರು ಯಾರ ಬಾಯೂ ನಿಲ್ಲಲ್ವಂತೆ ದೊಡ್ಡಮ್ಮ. ಬಂದು ಕೂತು ತೀರ್ಪು ಕೊಡಿ."

"ನಂಗೆ ನಿಮ್ಮ ಆ ಧಡ್ ಧಡ್ ಸಂಗೀತ ತಲೆನೋವು ಕಣಪ್ಪ."

"ಸಂಗೀತ ಬಿಡಿ, ಸಾಲು ಕೇಳಿ. ಗೆದ್ದೋರಿಗೆ ರೇಡಿಯೋದಲ್ಲಿ ಕೆಲಸ. ದಿನಾ ಬೆಳಿಗ್ಗೆ ಸಾಲು ಕಟ್ಟಿ ಹೇಳೋದು. ತಮಾಷೆಯಲ್ಲ ಇದು."

ಕೊನೆಯ ಜಿದ್ದಿಗೆ ಉಳಿದಿದ್ದವರು ಇಬ್ಬರು. ಒಬ್ಬಳು ಮನೆಮನೆಗೆ ಸಾಮಾನು ತಲುಪಿಸುವ ಸ್ಕೂಟರಿನ ಹುಡುಗಿ, ಅಡ್ಡಹೆಸರು ಪಾರ್ಸಲ್. ಇನ್ನೊಬ್ಬ ಗ್ರೀಸು, ಅಂದರೆ ತೂಕಡಿಕೆಯ ಗಂಡ. ಎರಡು ವರ್ಷದಿಂದ ಇವರಿಬ್ಬರದು ಹಾವು ಮುಂಗುಸಿ ಜಗಳ. ಒಂದು ಸಲ ಅವಳು, ಒಂದು ಸಲ ಇವನು.

ಶನಿವಾರ ಮೇಜಿನ ಬಳಿ ತೂಕಡಿಕೆ ಮೆಲ್ಲಗೆ ಕೇಳಿದಳು. "ನಾಳೆ ನೀವೇ ಅಂತಲ್ಲ ತೀರ್ಪು ಹೇಳೋರು?"

"ಹೌದು. ನಿನ್ನ ಗಂಡ ಅಂತ ಬಿಟ್ಟುಕೊಡಲ್ಲ, ಈಗ್ಲೇ ಹೇಳಿದೀನಿ."

"ಬಿಟ್ಟುಕೊಡೋದೇನೂ ಬೇಡ. ಸರಿಯಾಗಿ ಕೇಳಿಸಿಕೊಳ್ಳಿ, ಅಷ್ಟೇ." ಶೀಟಿನ ಅಂಚು ತಿದ್ದುತ್ತ ಅವಳೇ ಹೇಳಿದಳು. "ರೇಡಿಯೋ ಕೆಲಸ ಸಿಕ್ರೆ ಅಮ್ಮಂಗೆ ರಾತ್ರಿಗೊಬ್ಬಳು ಆಯಾನ ಇಡ್ತೀನಿ ಅಂದಿದಾರೆ. ಇಡೀ ರಾತ್ರಿ ಮಲಗೋದು ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ದೊಡ್ಡಕ್ಕ."

ಈ ಮಾತನ್ನು ದೊಡ್ಡಕ್ಕ ಕೇಳಿಸಿಕೊಂಡಿದ್ದಳು. ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು, ನಾನು ಕೇಳಿಸಿಕೊಂಡಿರಲಿಲ್ಲ ಅಂತಿಲ್ಲ ಎಂದು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಶೆಡ್ಡು ತುಂಬಿತ್ತು. ಎಣ್ಣೆ ಕುಡಿದು ಕಪ್ಪಾದ ನೆಲ, ಕೂರಲು ಹಳೆಯ ಟಯರು, ರಿಪೇರಿಗೆ ಬಸ್ಸು ನಿಲ್ಲಿಸುವ ಗುಂಡಿಯ ಮೇಲೆ ಹಲಗೆ ಹಾಸಿ ಮಾಡಿದ ವೇದಿಕೆ. ತೀರ್ಪುಗಾರರಿಗೆ ಮೂರು ಕುರ್ಚಿ. ಒಂದರಲ್ಲಿ ಭಾಷೆ ಕಲಿಸುವ ಮೇಷ್ಟ್ರು, ಒಂದರಲ್ಲಿ ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿಯವನು, ನಡುವೆ ದೊಡ್ಡಕ್ಕ. ಬಟ್ಟೆಯ ಬಿಸಿಗೆ ಬೆಂದ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು. ಮೈಕಣ್ಣ ನಿಯಮ ಓದಿದ. ಮೂರು ಸುತ್ತು, ಮನೆಯವರನ್ನು ಬೈಯುವಂತಿಲ್ಲ, ಬೇರೆಯವರ ಸಾಲು ತಂದರೆ ಔಟ್. ಇದು ನಮ್ಮ ಮೇಜಿನ ಕಟ್ಟಳೆಯೇ ಎಂದು ದೊಡ್ಡಕ್ಕನಿಗೆ ಹಿಗ್ಗಾಯಿತು.

ಪಾರ್ಸಲ್ ಮೊದಲು ಶುರು ಮಾಡಿದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದಳು.

"ಬಸ್ಸಿನಡಿ ತೂರಿ ಬಿಗೀತಾನಂತೆ ನಟ್ಟು,
ಗೊರಕೆ ಕೇಳಿ ಓಡಿಬಂದ್ರು, ಇಂಜಿನ್ ಕೆಟ್ಟಿದೆ ಅಂದುಬಿಟ್ಟು!"

ಶೆಡ್ಡಿನ ತಗಡು ಅದುರುವಂತೆ ನಗು. ಗ್ರೀಸು ನಗು ಇಳಿಯುವ ತನಕ ಕಾದು, ಒಂದು ಹೆಜ್ಜೆ ಮುಂದೆ ಬಂದ.

"ಗಾಡಿ ಇದೆ, ಹಾರ್ನ್ ಇದೆ, ಬಾಯಿಗೆ ಬ್ರೇಕಿಲ್ಲ,
ಪಾರ್ಸಲ್ ಕೊಟ್ಟು ಕೊಟ್ಟು ನಿನ್ನ ವಿಳಾಸ ನಿಂಗೇ ನೆನಪಿಲ್ಲ!"

ಎರಡನೇ ಸುತ್ತು ಮುಗಿದಾಗಲೂ ತಕ್ಕಡಿ ಅಲ್ಲಾಡಲಿಲ್ಲ. ಅವಳ ಸಾಲು ಚುರುಕು, ಇವನ ದನಿ ಗಟ್ಟಿ. ಮೂರನೆಯದು ಜಗಳದ ಸುತ್ತಲ್ಲ, ತಮ್ಮ ಬದುಕಿನ ಮಾತು ಹೇಳುವ ಸುತ್ತು. ಪಾರ್ಸಲ್ ದನಿ ಇಳಿಸಿ ಹೇಳಿದಳು:

"ಆರನೇ ಮಹಡಿ, ಲಿಫ್ಟ್ ಕೆಟ್ಟಿದೆ, ಬೆನ್ನ ಮೇಲೆ ಮಂಚ,
ಬಾಗಿಲು ತೆಗೆದವರು ಅಂದ್ರು: ಬಲಗಡೆ ಸರಿಸು ಕೊಂಚ."

ದೊಡ್ಡಕ್ಕನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಈ ಹುಡುಗಿ ಮೇಜಿನೆದುರು ನಿಂತಿದ್ದರೆ ಚೆನ್ನಾಗಿತ್ತು ಅನಿಸಿತು. ಮನಸ್ಸಿನಲ್ಲೇ ಅರ್ಧ ತೀರ್ಪು ಬರೆದುಕೊಂಡಳು. ಅಷ್ಟರಲ್ಲಿ ಗ್ರೀಸು ಬೀಟ್ ನಿಲ್ಲಿಸುವಂತೆ ಕೈಮಾಡಿದ.

"ಹೆತ್ತವಳ ಮಗ್ಗುಲು ಬದಲಿಸಿ ಎದ್ದೆ,
ನನ್ನ ಮಗ್ಗುಲಲ್ಲಿ ಕಾದು ಕೂತಿತ್ತು ನಿದ್ದೆ..."

ದೊಡ್ಡಕ್ಕನ ಸೊಂಟ ಚಳಕ್ ಎಂದಿತು. ನೆನಪಿಗಿಂತ ಮೊದಲು ಸೊಂಟಕ್ಕೇ ಗೊತ್ತಾದದ್ದು. ಒಂದೇ ಒಂದು ಪದ ಬದಲಾಗಿತ್ತು. ಮಿಕ್ಕದ್ದೆಲ್ಲ ಆ ಗುರುವಾರದ್ದೇ. ಹೊಸ್ತಿಲು ಬಂತು, ನಿದ್ದೆ ಬಂತು, ಒಳಗಿಂದ ಕೂಗಿದರು, ಅಲ್ಲೇ ಹೋಯ್ತು ನಿಂತು. ಗ್ರೀಸು ತಲೆ ತಗ್ಗಿಸಿ ನಿಂತ. ಗಂಡಸರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮೇಷ್ಟ್ರು ಗ್ರೀಸಿನ ಹೆಸರು ಹೇಳಿದರು. ಅಂಗಡಿಯವನು, "ಕಣ್ಣೀರು ಬೇರೆ, ಪಟ್ಟು ಬೇರೆ. ಮೂರೂ ಸುತ್ತು ನೋಡಿದ್ರೆ ಪಾರ್ಸಲ್ಲೇ" ಎಂದ. ಒಂದಕ್ಕೊಂದು ಸಮ. ಮೈಕು ದೊಡ್ಡಕ್ಕನ ಬಾಯಿಯ ಹತ್ತಿರ ಬಂತು.

ಅವಳು ಎದ್ದು ನಿಂತಳು. ಗ್ರೀಸು ಅಂದುಬಿಟ್ಟರೆ ಮುಗಿಯಿತು. ರೇಡಿಯೋ, ಆಯಾ, ತೂಕಡಿಕೆಗೆ ಇಡೀ ರಾತ್ರಿಯ ನಿದ್ದೆ. ಸಾಲು ಯಾರದೆಂದು ಗೊತ್ತಿರುವುದು ಈ ಶೆಡ್ಡಿನಲ್ಲಿ ಇಬ್ಬರಿಗೆ, ಇಬ್ಬರೂ ಸುಮ್ಮನಿದ್ದರೆ ಲೋಕ ಮುಳುಗುವುದಿಲ್ಲ. ಹೆಸರು ಅವಳ ನಾಲಗೆಯ ತುದಿಗೆ ಬಂದಿತ್ತು ಕೂಡ. ಆಗ ಮುಂದಿನ ಟಯರಿನ ಮೇಲೆ ಕೂತಿದ್ದ ಒಬ್ಬ ಹಿರಿಯ ಮೂಗು ಸೀದಿಕೊಂಡು ಪಕ್ಕದವನಿಗೆ ಹೇಳಿದ. "ಮಗ ಅಂದ್ರೆ ಹೀಗಿರ್ಬೇಕು ನೋಡು. ರಾತ್ರಿ ಎಲ್ಲ ಎದ್ದು ತಾಯೀನ ನೋಡ್ಕೋತಾನೆ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಆ ಹಳೆಯ ಸಂಜೆ ಅವಳ ಮೈಗೆ ಮರಳಿ ಬಂತು.

"ಆ ನಾಲ್ಕು ಸಾಲಿನ ಮುಂದೆ ನಿಲ್ಲೋ ಸಾಲು ಇವತ್ತು ಇಲ್ಲಿ ಯಾರೂ ಹೇಳಲಿಲ್ಲ" ಎಂದಳು. "ಆದರೆ ಅದು ಇವನದಲ್ಲ. ಇವನ ಹೆಂಡತಿಯದು. ಲಾಂಡ್ರೀಲಿ ನನ್ನೆದುರೇ ಹೇಳಿದ್ದು. ಉತ್ತರ ಕೊಡೋಕಾಗದೆ ಒದ್ದೆ ಗಂಟು ಹೊತ್ತೋಳು ನಾನು. ರಾತ್ರಿ ಏಳೋಳೂ ಅವಳೇ. ಈಗ್ಲೂ ಅವಳು ಅತ್ತೆ ಹತ್ರಾನೇ ಕೂತಿದಾಳೆ, ಇವನು ಇಲ್ಲಿದಾನೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಕೂಗಿದರು. "ಹೆಂಡ್ತೀನ ಕಳ್ಸೋ ಸ್ಟೇಜಿಗೆ, ನೀನು ಹೋಗಿ ಪಾತ್ರೆ ತೊಳಿ!" ನಗು ಎದ್ದಿತು. ಈಗಷ್ಟೇ ಕಣ್ಣು ಒರೆಸಿಕೊಂಡವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಗ್ರೀಸು ಇಲ್ಲವೆನ್ನಲಿಲ್ಲ, ಜಗಳಕ್ಕೂ ಬರಲಿಲ್ಲ. ಹಲಗೆಯಿಂದ ಇಳಿಯುವಾಗ ಅವಳ ಕುರ್ಚಿಯ ಹತ್ತಿರ ಒಂದು ಗಳಿಗೆ ನಿಂತ.

"ಅವಳನ್ನೊಂದು ಮಾತು ಕೇಳ್ಬೇಕಿತ್ತು ದೊಡ್ಡಕ್ಕ ನೀವು" ಎಂದಷ್ಟೇ ಹೇಳಿ ಹೋದ.

ನಿಯಮದ ಪ್ರಕಾರ ಪಾರ್ಸಲ್ ಗೆದ್ದಳು. ಹೊರಗೆ ಸ್ಕೂಟರ್ ಶುರು ಮಾಡುವ ಮೊದಲು ಅವಳು ದೊಡ್ಡಕ್ಕನನ್ನು ತಡೆದು ಕೇಳಿದಳು. "ಆ ವಿಷಯ ಗೊತ್ತಿಲ್ದೇ ಇದ್ದಿದ್ರೆ ನಿಮ್ಮ ಓಟು ಯಾರಿಗಿತ್ತು ಆಂಟಿ? ನಿಜ ಹೇಳಿ."

"ಆ ಸಾಲಿಗೆ."

"ಅಂದ್ರೆ ನಂಗಲ್ಲ." ಹೆಲ್ಮೆಟ್ ಹಾಕಿಕೊಂಡಳು. "ಗೆದ್ದೆ ಅಂತ ಮನೇಲಿ ಹೇಳೋಕೂ ಒಂಥರಾ ಆಗ್ತಿದೆ."

ಆ ಸಂಜೆ ದೊಡ್ಡಕ್ಕ ಎದೆಯುಬ್ಬಿಸಿಕೊಂಡೇ ಮನೆಗೆ ನಡೆದಳು. ಸೋಮವಾರ ಲಾಂಡ್ರಿಯ ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡು ಬೆನ್ನು ತಟ್ಟಿದರು. ಬೆರಳಿಲ್ಲದವಳು ಗೇಟಿನಿಂದ ಎದ್ದು ಬಂದು, "ಒಬ್ಬಳಾದ್ರೂ ಬಾಯಿ ಬಿಟ್ಟಳಲ್ಲ ತಾಯಿ" ಎಂದಳು. ತೂಕಡಿಕೆ ಹತ್ತು ನಿಮಿಷ ತಡವಾಗಿ ಬಂದು ತನ್ನ ಜಾಗದಲ್ಲಿ ನಿಂತಳು. ಮೂಲೆ ಹಿಡಿದಳು, ಮಡಿಸಿದಳು, ನಡೆದು ಬಂದಳು, ವಾಪಸ್ಸು ಹೋದಳು. ಮೂವತ್ತು ಶೀಟು ಆಯಿತು. ಒಂದು ಸಾಲಿಲ್ಲ.

"ಹೇಳೇ ಏನಾದ್ರೂ. ನಿನ್ನ ಹೆಸರು ಇಡೀ ಡಿಪೋಗೆ ಗೊತ್ತಾಗಿದೆ ಈಗ."

ಗಂಡ ಹೊಡೆದನೇನೋ ಎಂದು ದೊಡ್ಡಕ್ಕ ಅವಳ ಮುಖ, ತೋಳು ಎಲ್ಲ ಕಣ್ಣಲ್ಲೇ ಹುಡುಕಿದಳು. ಏನೂ ಇರಲಿಲ್ಲ.

"ಅವರು ಕದೀಲಿಲ್ಲ ದೊಡ್ಡಕ್ಕ" ಎಂದಳು ತೂಕಡಿಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಶೀಟಿನ ಕಲೆ ಹೋಗಿಲ್ಲ ಎಂದು ಹೇಳುವ ಹಾಗೆ ಹೇಳಿದಳು. "ನಾನೇ ಕೊಟ್ಟಿದ್ದು."

"ಕೊಟ್ಟಿದ್ದಾ?"

"ನಾಲ್ಕು ಸಾಲಿಗೆ ಒಂದು ಸರದಿ. ನಾನು ಸಾಲು ಕೊಟ್ಟ ದಿನ ಎರಡು ಗಂಟೆಗೆ ಅವರು ಏಳ್ಬೇಕು. ಅವರು ಎದ್ರೆ ನಂಗೆ ಹನ್ನೆರಡರಿಂದ ನಾಲ್ಕರವರೆಗೆ ಒಂದೇ ನಿದ್ದೆ. ಅದಕ್ಕೇ ಅಷ್ಟು ಕಟ್ತಿದ್ದೆ ನಾನು. ನಿಮ್ಮನ್ನ ಸೋಲಿಸೋಕೆ ಅಂದ್ಕೊಂಡ್ರಾ? ಆ ಗುರುವಾರದ್ದಕ್ಕೆ ವಾರವಿಡೀ ಎದ್ದಿದ್ರು. ಹೆತ್ತವಳ ಮಗ್ಗುಲು ಬದಲಿಸಿ ಎದ್ದೆ ಅಂದಿದ್ದು ಸುಳ್ಳಲ್ಲ. ಆ ವಾರ ಎದ್ದಿದ್ದು ಅವರೇ."

ದೊಡ್ಡಕ್ಕನ ಕೈಯಲ್ಲಿದ್ದ ಮೂಲೆ ಜಾರಿತು.

"ಮೊದ್ಲೇ ಹೇಳ್ಬಾರದಾಗಿತ್ತೇನೇ ನಂಗೆ?"

"ನಿಮಗೆ ಹೇಗೆ ಹೇಳಲಿ? ಸಾಲು ಮಾರ್ಕೊಂಡೆ ಅಂತ ನೀವು ಮೇಜಿಂದಲೇ ಓಡಿಸ್ತಿದ್ರಿ. ನನ್ನ ಹೆಸರು ಹೇಳಿ ಅಂತ ನಾನು ನಿಮ್ಮನ್ನ ಕೇಳಿದ್ನಾ? ನಂಗೆ ಹೆಸರು ಬೇಕಿರಲಿಲ್ಲ ದೊಡ್ಡಕ್ಕ. ನಿದ್ದೆ ಬೇಕಿತ್ತು."

ಮುಂದಿನ ಶೀಟು ಬಂದು ನೆಲ ಮುಟ್ಟಿತು. ಯಾರೂ ಕೇಳದಿದ್ದರೂ ದೊಡ್ಡಕ್ಕ ಹೋಗಿ ಒದ್ದೆ ಗಂಟು ಹೊತ್ತು ತಂದಳು.

ಡಿಪೋದಲ್ಲಿ ಗ್ರೀಸನ್ನು ಈಗ ಎಲ್ಲರೂ ನಿದ್ದೆಮಗ ಎನ್ನುತ್ತಿದ್ದರು. ಅವನು ಶೆಡ್ಡಿನ ಕಡೆ ತಲೆ ಹಾಕುವುದನ್ನು ಬಿಟ್ಟ. ಸಾಲು ಬೇಡವಾದ ಮೇಲೆ ಸರದಿಯೂ ಇಲ್ಲ. ರಾತ್ರಿ ನಾಲ್ಕೂ ಸಲ ಮತ್ತೆ ತೂಕಡಿಕೆಯೇ ಏಳತೊಡಗಿದಳು.

ಆಗಬೇಕಾದ್ದು ಹನ್ನೆರಡನೇ ದಿನ ಆಯಿತು. ಆ ದಿನ ತೂಕಡಿಕೆಗೆ ರೋಲರಿನ ಬಾಯಿಗೆ ಶೀಟು ಕೊಡುವ ಕೆಲಸ. ದೊಡ್ಡಕ್ಕ ಇನ್ನೊಂದು ತುದಿಯಲ್ಲಿದ್ದಳು. ಹೊರಬರುತ್ತಿದ್ದ ಶೀಟು ಸೊಟ್ಟಗಾದದ್ದನ್ನು ಕಂಡು ತಲೆಯೆತ್ತಿದರೆ, ತೂಕಡಿಕೆ ಕಣ್ಣು ಮುಚ್ಚಿ ನಿಂತಿದ್ದಾಳೆ, ಅವಳ ಕೈ ಶೀಟಿನ ಜೊತೆ ಒಳಗೆ ಹೋಗುತ್ತಿದೆ. ದೊಡ್ಡಕ್ಕ ತುರ್ತು ನಿಲುಗಡೆಯ ಕೆಂಪು ಪಟ್ಟಿಯ ಮೇಲೆ ಮೈಯನ್ನೇ ಎಸೆದಳು. ಮಿಷನ್ನು ನಿಂತಿತು. ಬೆರಳು ಉಳಿದವು. ಅಂಗೈಯಿಂದ ಮಣಿಕಟ್ಟಿನವರೆಗೆ ಚರ್ಮ ಮಾತ್ರ ಬಟ್ಟೆಗೆ ಅಂಟಿಕೊಂಡು ಬಂತು. ತೂಕಡಿಕೆ ಕಿರುಚಿದ್ದು ಕೈ ಹೊರಬಂದ ಮೇಲೆ. ಅಲ್ಲಿಯವರೆಗೂ ಅವಳಿಗೆ ಎಚ್ಚರವೇ ಆಗಿರಲಿಲ್ಲ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಸೂಪರ್‌ವೈಸರ್ ಅವಳನ್ನು ಕೆಳಮನೆಗೆ ಹಾಕಿದ. ಆಸ್ಪತ್ರೆಯಿಂದ ಬಂದ ಕೊಳೆ ಬಟ್ಟೆಯನ್ನು ಬಿಡಿಸಿ, ರಕ್ತದ್ದು ಬೇರೆ, ಮಲದ್ದು ಬೇರೆ ಮಾಡುವ ಜಾಗ. ಕಿಟಕಿಯಿಲ್ಲ, ಎದುರಿಗೆ ನಿಲ್ಲುವವರಿಲ್ಲ. ಅಲ್ಲಿ ನಿದ್ದೆ ಹೋದರೂ ಕೈ ಹೋಗುವುದಿಲ್ಲ ಎನ್ನುವುದು ಅವನ ಲೆಕ್ಕಾಚಾರ. ಅವನನ್ನೂ ತಪ್ಪೆನ್ನುವಂತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ದೊಡ್ಡಕ್ಕ ತೂಕಡಿಕೆಯ ಮನೆಯ ಬಾಗಿಲು ತಟ್ಟಿದಳು. ಎರಡೇ ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ರಬ್ಬರ್ ಹಾಸು, ಕೆಳಗೆ ಬೇಸಿನ್ನು, ಗೋಡೆಗೆ ಸಮಯ ಬರೆದಿಟ್ಟ ರಟ್ಟು. ಮಂಚದ ಮೇಲೆ ಮುದುಕಿ, ಹಕ್ಕಿಯಷ್ಟು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿದ್ದವು.

"ಹೋಗಿ ಮಲಕ್ಕೋ. ಆರು ಗಂಟೆ ತನಕ ನಾನಿರ್ತೀನಿ" ಎಂದಳು ದೊಡ್ಡಕ್ಕ.

ತೂಕಡಿಕೆ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ನಿಮಿಷದಲ್ಲಿ ಗೊರಕೆ ಕೇಳಿಸಿತು.

ನಾಲ್ಕು ಗಂಟೆಯ ಹೊತ್ತಿಗೆ ಗ್ರೀಸು ಬಂದ. ಹೊಸ್ತಿಲ ಮೇಲೆ ಕೂತು ಉಗುರಿನ ಕಪ್ಪು ತೆಗೆಯತೊಡಗಿದ.

"ನದಿ ಆಚೆ ಒಂದು ಜಿದ್ದು ಶುರುವಾಗಿದೆ" ಎಂದ ಕೊನೆಗೆ. "ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ."

"ಸರಿ."

"ಅವಳಿಗೀಗ ಬರ್ತಿಲ್ಲ ದೊಡ್ಡಕ್ಕ. ಕೇಳಿದೆ. ಕಟ್ಟೋಕೆ ಕೂತ್ರೆ ತಲೆ ಖಾಲಿಯಂತೆ." ಉಗುರಿನಿಂದ ಕಣ್ಣೆತ್ತಲಿಲ್ಲ. "ನಿಮ್ಮ ಹತ್ರ ಇರುತ್ತಲ್ಲ. ನೀವು ಕೊಟ್ರೆ, ಎರಡು ಗಂಟೆಗೆ ನಾನು ಏಳ್ತೀನಿ."

"ನಾಚಿಕೆ ಆಗಲ್ವೇನೋ? ನಿನ್ನ ತಾಯಿ ಕಣೋ ಅವರು."

"ಆಗುತ್ತೆ" ಎಂದ ಅವನು, ಸುಳ್ಳಿಲ್ಲದೆ. "ನಾಚಿಕೆ ಆದ್ರೂ ಎಚ್ಚರ ಆಗಲ್ಲ. ಸಾಲು ಇದ್ರೆ ಆಗುತ್ತೆ."

ಮುದುಕಿಯ ಕಣ್ಣು ಮಗನಿಂದ ಅವಳ ಕಡೆಗೆ ತಿರುಗಿತು. ದೊಡ್ಡಕ್ಕ ಬಾಗಿಲಾಚೆಯ ಗೊರಕೆ ಕೇಳಿದಳು. ಭಾನುವಾರ ಮಧ್ಯಾಹ್ನ ತಾನು ಬರಬಹುದು. ದಿನಾ ರಾತ್ರಿ ಎರಡಕ್ಕೆ ಊರಿನ ಆ ತುದಿಯಿಂದ ಬಂದು ಮಗ್ಗುಲು ಬದಲಿಸಲು ಆದೀತೇ?

"ಎರಡು ಗಂಟೆದೂ ನಾಲ್ಕು ಗಂಟೆದೂ" ಎಂದಳು.

"ನಾಲ್ಕು ಸಾಲಿಗೆ ಎರಡು ಸರದಿನಾ? ಜಾಸ್ತಿ ಆಯ್ತು."

"ಸಾಲು ಕೇಳಿ ಆಮೇಲೆ ಹೇಳು. ಮೊದ್ಲು ಎದ್ದು ಬಾ ಇಲ್ಲಿ. ಅಮ್ಮನ ಶೀಟು ಒದ್ದೆಯಾಗಿದೆ."

ಇಬ್ಬರೂ ಸೇರಿ ಮುದುಕಿಯನ್ನು ಗೋಡೆಯ ಕಡೆಗೆ ಹೊರಳಿಸಿ, ಒರೆಸಿ, ಒಣಗಿದ್ದನ್ನು ಹಾಸಿದರು. ಹಗ್ಗದ ಮೇಲೆ ಒಣಗಿದ್ದ ಇನ್ನೊಂದು ಶೀಟನ್ನು ದೊಡ್ಡಕ್ಕ ಎಳೆದುಕೊಂಡಳು. "ಆ ಎರಡು ಮೂಲೆ ಹಿಡಿ." ಅವನು ಹಿಡಿದ. ಎಡವಟ್ಟಾಗಿ ಹಿಡಿದ. ಅವಳು ಗಂಡ ಬದುಕಿದ್ದಾಗ ಕಟ್ಟಿ, ಅವನ ಬಾಯಿಗೆ ಬೀಳಬಾರದೆಂದು ಇಪ್ಪತ್ತಾರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮಡಿಕೆಗೊಂದರಂತೆ ಹೇಳಿದಳು:

"ಒಲೆಗೆ ಕೊಟ್ಟೆ ಬೆಳಗು,
ಕಲ್ಲಿಗೆ ಕೊಟ್ಟೆ ಹಗಲು,
ನನಗೆ ಅಂತ ಉಳಿದಿದ್ದು
ಗೋಡೆ ಕಡೆಯ ಮಗ್ಗುಲು."

ಗ್ರೀಸು ತುಟಿಯಲ್ಲೇ ಒಂದು ಸಲ ಹೇಳಿಕೊಂಡ. ಎರಡನೇ ಸಲ, 'ನನಗೆ' ಎಂಬಲ್ಲಿ 'ಅಮ್ಮಂಗೆ' ಎಂದು ಹಾಕಿ ಹೇಳಿದ. ಅವನ ಕಣ್ಣು ಹೊಳೆಯಿತು.

"ಎರಡೂ ಸರದಿ. ಆಯ್ತು" ಎಂದ. ಮೂಲೆ ಹಿಡಿದುಕೊಂಡೇ ಕೇಳಿದ. "ಅಲ್ಲಿ ಯಾರದು ಅಂತ ಹೇಳ್ಬೇಕಾ ದೊಡ್ಡಕ್ಕ?"

ಒಳಗೆ ಗೊರಕೆ ಒಮ್ಮೆ ನಿಂತು, ಮಗ್ಗುಲು ಬದಲಾಯಿಸಿದ ಸದ್ದಾಗಿ, ಮತ್ತೆ ಶುರುವಾಯಿತು.

"ಬೇಡ" ಎಂದಳು ದೊಡ್ಡಕ್ಕ. "ಮೂಲೆ ಸರಿಯಾಗಿ ಹಿಡಿ."